ಮುತ್ತಾತ ಹಡಗು ಹತ್ತಿದ್ದು ಯಾವ ಊರಿನಿಂದ?

ಕೋಲಾರ, ಬಳ್ಳಾರಿ, ಹೊಸೂರು ಸೀಮೆಯ ಕೆಲವು ಮನೆಗಳಲ್ಲಿ ಒಂದು ಮಾತು ಇನ್ನೂ ಉಳಿದುಕೊಂಡಿದೆ: ‘ನಮ್ಮ ಮುತ್ತಾತನ ತಮ್ಮ ನಟಾಲಿಗೆ ಹೋದ, ತಿರುಗಿ ಬರಲಿಲ್ಲ.’ ಅತ್ತ ಆ ನಟಾಲಿನಲ್ಲಿ, ಅಂದರೆ ದಕ್ಷಿಣ ಆಫ್ರಿಕಾದ ಡರ್ಬನ್ ಸೀಮೆಯಲ್ಲಿ, ಅಂಥ ತಮ್ಮಂದಿರ ಮರಿಮಕ್ಕಳು ‘ನಮ್ಮ ಹಿರಿಯರು ಬ್ಯಾಂಗಲೂರ್ ಕಡೆಯವರಂತೆ’ ಎನ್ನುತ್ತಾರೆ. ಈ ಎರಡು ಮಾತು ಒಂದಕ್ಕೊಂದು ಸಂಧಿಸುವುದು ಅಪರೂಪ. ಕಾಗದ ಇಲ್ಲವೆಂದಲ್ಲ, ಕಾಗದದಲ್ಲಿರುವ ಊರನ್ನು ನೆಟ್ಟಗೆ ಓದುವವರಿಲ್ಲ. ಕೂಲಿಗೆ ಹೋದವರ ಹೆಸರು, ಊರು ಬರೆದಿಟ್ಟ ಹಡಗಿನ ಪಟ್ಟಿ ಕೈಗೆ ಬಂದ ವಾರವೇ ವಿಮಾನದ ಟಿಕೆಟ್ ತೆಗೆಸಿ, ಯಾವುದೋ ತಾಲ್ಲೂಕಿನ ಯಾವುದೋ ಹೊಸಹಳ್ಳಿಗೆ ಬಂದು, ಅಲ್ಲಿನ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದವರನ್ನು ನೋಡಿದ್ದೇನೆ. ಅವರ ಊರು ಅದಾಗಿರಲಿಲ್ಲ.

ಹಿರಿಯರನ್ನು ಕೇಳುವುದು

‘ಯಾವ ಇಸವಿ?’ ಎಂದು ಕೇಳಬೇಡಿ. ಒತ್ತಾಯಿಸಿದರೆ ಬಾಯಿಗೆ ಬಂದದ್ದನ್ನು ಹೇಳುತ್ತಾರೆ, ಅದೇ ಮುಂದೆ ದಾಖಲೆಯಾಗಿ ಕೂರುತ್ತದೆ. ‘ಅಜ್ಜಿ, ಅವರು ಹೋದದ್ದು ಪ್ಲೇಗಿಗೆ ಮುಂಚೆಯೋ ಆಮೇಲೋ?’ ಎಂದು ಕೇಳಿ. ಧಾತು–ಈಶ್ವರ ಸಂವತ್ಸರಗಳ ದೊಡ್ಡ ಬರ 1876–78ರದು, ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟದ್ದು 1898ರಲ್ಲಿ, ಇನ್‌ಫ್ಲುಯೆಂಜಾ 1918ರಲ್ಲಿ. ಈ ಮೂರರ ನಡುವೆ ಎಲ್ಲಿ ಬೀಳುತ್ತದೆಂದು ಗೊತ್ತಾದರೆ ಸದ್ಯಕ್ಕೆ ಸಾಕು. ಹಳೆಯ ಲೆಕ್ಕದ ಪುಸ್ತಕದಲ್ಲಿ ಸಂವತ್ಸರದ ಹೆಸರು ಸಿಕ್ಕಿತೆಂದು ಕುಣಿಯಬೇಡಿ. 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಧಾತು 1876ರಲ್ಲೂ ಬಂತು, 1936ರಲ್ಲೂ ಬಂತು.

ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಪೆನ್ಸಿಲ್ಲಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ವಂಶವೃಕ್ಷ ಬಿಡಿಸಿಕೊಡುವ ಆ್ಯಪ್‌ಗಳ ಸಹವಾಸ ಈ ಹಂತದಲ್ಲಿ ಬೇಡವೇ ಬೇಡ. ಅವು ಅಡ್ಡಹೆಸರು ಕೇಳುತ್ತವೆ, ಹುಟ್ಟಿದ ತಾರೀಖು ಕೇಳುತ್ತವೆ. ನಮ್ಮವರಿಗೆ ಎರಡೂ ಇರಲಿಲ್ಲ. ಜಾಗ ಖಾಲಿ ಬಿಡಲು ಮನಸ್ಸಾಗದೆ ಯಾರೋ ‘1 ಜನವರಿ 1870’ ಎಂದು ತುಂಬಿಸುತ್ತಾರೆ, ಉಳಿದ ನೆಂಟರೆಲ್ಲ ಅದನ್ನೇ ನಕಲು ಮಾಡುತ್ತಾರೆ. ಎಂಜಲು ಕಳಿಸಿ ಮೂಲ ತಿಳಿಯುವ ಡಿಎನ್‌ಎ ಪೊಟ್ಟಣಗಳೂ ಅಷ್ಟೇ. ನೀವು ದಕ್ಷಿಣ ಭಾರತದವರು ಎಂದು ಶೇಕಡಾವಾರು ಲೆಕ್ಕದಲ್ಲಿ ತಿಳಿಸುತ್ತವೆ. ಅದು ಕನ್ನಡಿ ನೋಡಿದರೂ ಗೊತ್ತಾಗುತ್ತದೆ.

ಯಾವ ದೇಶ?

ಕಾಲ ಗೊತ್ತಾದರೆ ದೇಶ ಅರ್ಧ ಗೊತ್ತಾದಂತೆ. ನಟಾಲಿಗೆ ಕೂಲಿಗಳನ್ನು ಹೊತ್ತ ಮೊದಲ ಹಡಗು ‘ಟ್ರೂರೋ’ ಮದ್ರಾಸಿನಿಂದ ಹೋಗಿ ಡರ್ಬನ್ ಮುಟ್ಟಿದ್ದು 1860ರ ನವೆಂಬರ್ 16ರಂದು. 1911ರಲ್ಲಿ ಈ ಸಾಗಣೆ ನಿಂತಿತು. ನಡುವೆ 1866ರಿಂದ 1874ರವರೆಗೂ ಹಡಗುಗಳಿರಲಿಲ್ಲ. ‘1870ರಲ್ಲಿ ನಟಾಲಿಗೆ ಹೋದರು’ ಎಂದರೆ ಇಸವಿ ತಪ್ಪು, ಇಲ್ಲವೇ ದೇಶ ತಪ್ಪು. ಮಾರಿಷಸ್ಸಿಗೆ 1834ರಿಂದಲೇ ಹೋಗುತ್ತಿದ್ದರು. ಫಿಜಿಗೆ ಮದ್ರಾಸಿನಿಂದ ಹಡಗು ಹೊರಟದ್ದು 1903ರಿಂದ 1916ರವರೆಗೆ ಮಾತ್ರ. ಸಿಲೋನಿಗೂ ರಂಗೂನಿಗೂ ಕೂಲಿ ಆಳುಗಳನ್ನು ಸೇರಿಸುವ ಕಂಗಾಣಿ, ಮೇಸ್ತ್ರಿಗಳ ಹಿಂದೆ ಗುಂಪುಗುಂಪಾಗಿ ಹೋದವರಿಗೆ ಒಬ್ಬೊಬ್ಬರ ಹೆಸರಿನ ಇಂಥ ಪಟ್ಟಿಯಿಲ್ಲ. ಅವರನ್ನು ಹುಡುಕುವ ದಾರಿಯೇ ಬೇರೆ. (1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಸಿಲೋನಿನಿಂದ ಬಂದು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆನಿಂತವರ ಮನೆಯಲ್ಲಿ ಹಳೆಯ ಪಾಸ್‌ಪೋರ್ಟ್, ಫ್ಯಾಮಿಲಿ ಕಾರ್ಡ್ ಇದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ. ಪ್ಲಾಸ್ಟಿಕ್ಕಿನೊಳಗೆ ಕಾಗದ ಹಾಳಾಗುತ್ತದೆ.)

ನಂಬರು

ನಟಾಲಿಗೆ ಗಿರ್ಮಿಟ್, ಅಂದರೆ ಕರಾರಿನ, ಕೂಲಿಯಾಗಿ ಹೋದ 1,52,184 ಜನರಿಗೂ ಒಂದೊಂದು ಕಾಲೋನಿಯಲ್ ನಂಬರ್ ಇತ್ತು. ಮುಂದೆ ಮದುವೆ, ಸಾವು, ಮಕ್ಕಳ ಜನನ ಹೀಗೆ ಎಲ್ಲ ಕಾಗದದಲ್ಲೂ ಆ ನಂಬರು ಹಿಂಬಾಲಿಸುತ್ತದೆ. ಅಲ್ಲಿನ ನೆಂಟರು ಸಿಕ್ಕಿದ್ದರೆ ಮನೆಯಲ್ಲಿರುವ ಅತಿ ಹಳೆಯ ಕಾಗದದ ಚಿತ್ರ ಕಳಿಸಲು ಹೇಳಿ. ನಂಬರು ಸಿಕ್ಕಿದರೆ ಕ್ವಾಜುಲು–ನಟಾಲ್ ವಿಶ್ವವಿದ್ಯಾಲಯದ ಗಾಂಧಿ–ಲುತುಲಿ ದಾಖಲಾ ಕೇಂದ್ರದ ಹಡಗು ಪಟ್ಟಿಯಲ್ಲಿ ಆ ಸಾಲು ಸಿಗುತ್ತದೆ. ಮೂಲ ಕಡತಗಳು ಪೀಟರ್‌ಮಾರಿಟ್ಸ್‌ಬರ್ಗ್ ಮತ್ತು ಡರ್ಬನ್ ಪತ್ರಾಗಾರಗಳಲ್ಲಿವೆ. ಮಾರಿಷಸ್ಸಿನದಾದರೆ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆ, ಫಿಜಿಯದಾದರೆ ಸುವಾದ ರಾಷ್ಟ್ರೀಯ ಪತ್ರಾಗಾರ. ದುಡ್ಡು ಕೊಟ್ಟರೆ ಮೂರು ದಿನದಲ್ಲಿ ‘ವಂಶಾವಳಿ ಪ್ರಮಾಣಪತ್ರ’ ಕಳಿಸುವ ದಲ್ಲಾಳಿಗಳು ಮಾರುವುದು ಇದೇ ಸಾಲನ್ನು, ಚಿನ್ನದ ಬಣ್ಣದ ಅಂಚು ಹಾಕಿ.

ಬೆರಳಚ್ಚಾದ ಸಾಲನ್ನಷ್ಟೇ ನಂಬಬೇಡಿ. ಮೂಲ ಪುಟದ ಚಿತ್ರ ಸಿಗುವುದಾದರೆ ತರಿಸಿಕೊಳ್ಳಿ. ಕೂಡಿಸಿ ಬರೆದ ಇಂಗ್ಲಿಷಿನಲ್ಲಿ ‘ಎನ್’ ಅಕ್ಷರಕ್ಕೂ ‘ಯು’ ಅಕ್ಷರಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಒಂದು ಅಕ್ಷರ ತಿರುಗಿದರೆ ಊರೇ ಬೇರೆಯಾಗುತ್ತದೆ.

ಊರು: ಎಲ್ಲರೂ ಎಡವುವ ಜಾಗ

ಒಂದು ಸಾಲು ಹೀಗಿದೆ ಎಂದುಕೊಳ್ಳಿ. ಹೆಸರು ಮುನಿಯನ್, ತಂದೆ ವೆಂಕಟನ್, ವಯಸ್ಸು 22, ಜಿಲ್ಲಾ ನಾರ್ತ್ ಆರ್ಕಾಟ್, ಥಾಣಾ ಪಲಮನೇರ್, ಊರು ಬೈರಪಲ್ಲಿ, ಗುರುತು ಎಡ ಮೊಣಕಾಲಿನ ಕೆಳಗೆ ಗಾಯದ ಕಲೆ.

ಇದನ್ನು ಓದಿದವರು ಮಾಡುವ ಮೊದಲ ಕೆಲಸ ಆರ್ಕಾಟಿಗೆ, ವೆಲ್ಲೂರಿಗೆ ಓಡುವುದು. ಓಡಬೇಡಿ. ಚಿತ್ತೂರು ಜಿಲ್ಲೆ ಹುಟ್ಟಿದ್ದೇ 1911ರಲ್ಲಿ. ಅಲ್ಲಿಯವರೆಗೆ ಪಲಮನೇರು, ಪುಂಗನೂರು, ಕುಪ್ಪಂ ಎಲ್ಲವೂ ಉತ್ತರ ಆರ್ಕಾಟಿಗೆ ಸೇರಿದ್ದವು. ಪಲಮನೇರಿನಿಂದ ಮುಳಬಾಗಿಲು ಕೂಗಳತೆಯೆಂಬಷ್ಟು ಹತ್ತಿರ. ಆ ಗಡಿಯಲ್ಲಿ ಒಂದೇ ಊರನ್ನು ಒಬ್ಬರು ಹಳ್ಳಿ ಎಂದರೆ ಇನ್ನೊಬ್ಬರು ಪಲ್ಲಿ ಎನ್ನುತ್ತಾರೆ. ಬೈರಪಲ್ಲಿಯನ್ನು ಹುಡುಕುವವರು ಬೈರಹಳ್ಳಿ, ಭೈರವನಹಳ್ಳಿ, ಬೈರೇನಹಳ್ಳಿಗಳನ್ನೂ ಗಡಿಯ ಎರಡೂ ಕಡೆ ಹುಡುಕಬೇಕು. ಮುನಿಯನ್ ಎನ್ನುವವರು ಮನೆಯಲ್ಲಿ ಮುನಿಯಪ್ಪನೋ ಮುನಿಯನೋ ಆಗಿದ್ದಿರಬಹುದು. ಮದ್ರಾಸಿನ ಗುಮಾಸ್ತ ತನ್ನ ಕಿವಿಗೆ ಒಗ್ಗಿದಂತೆ ಬರೆದುಕೊಂಡಿರುತ್ತಾನೆ.

ಆದ್ದರಿಂದ ಇಂದಿನ ನಕ್ಷೆ ಮುಚ್ಚಿಡಿ. ಹಡಗಿನ ಇಸವಿ ಯಾವುದೋ ಆ ಇಸವಿಯ ಗಡಿಗಳನ್ನು ನೋಡಿ. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ಅದಕ್ಕೆ ಮುಂಚಿನ ಪಟ್ಟಿಯಲ್ಲಿ ‘ಬಳ್ಳಾರಿ’ ಎಂದಿದ್ದರೆ ಹಿಂದೂಪುರ, ಮಡಕಶಿರಾಗಳೂ ಲೆಕ್ಕಕ್ಕೆ ಬರುತ್ತವೆ. ಸೇಲಂ ಎಂದಿದ್ದರೆ ಕನ್ನಡ, ತೆಲುಗು ಮಾತಿನ ಹೊಸೂರು ಇರಬಹುದು. ಕೊಯಮತ್ತೂರು ಎಂದಿದ್ದರೆ ಕೊಳ್ಳೇಗಾಲ ಇರಬಹುದು, ಅದು 1956ರವರೆಗೂ ಆ ಜಿಲ್ಲೆಯದೇ ತಾಲ್ಲೂಕು. ಸೌತ್ ಕೆನರಾ ಎಂದರೆ ಕಾಸರಗೋಡೂ ಸೇರಿತು. ಜಿಲ್ಲೆಯ ಅಂಕಣದಲ್ಲಿ ‘ಮೈಸೂರು’ ಎಂದಿದ್ದರೆ ಅದು ಸಂಸ್ಥಾನ ಪೂರ್ತಿ. ಅರಮನೆ ನೋಡಿ ಬಂದು ‘ನಮ್ಮ ಊರು ನೋಡಿದೆವು’ ಎನ್ನುವವರಿಗೆ ಇದನ್ನು ಎಷ್ಟು ಹೇಳಿದರೂ ಸಾಲದು. ‘ಬ್ಯಾಂಗಲೂರ್’ ಎಂಬ ಮನೆಮಾತನ್ನೂ ಅನುಮಾನದಿಂದಲೇ ನೋಡಿ. ದಂಡು ನಿಲ್ದಾಣದಿಂದ ಜೋಲಾರಪೇಟೆಗೆ 1864ರಲ್ಲೇ ರೈಲು ಬಂದಿತ್ತು. ಅಜ್ಜ ಹೇಳಿದ್ದು ಹುಟ್ಟಿದ ಊರನ್ನೋ, ರೈಲು ಹತ್ತಿದ ಊರನ್ನೋ ಯಾರು ಬಲ್ಲರು?

ತಾಲ್ಲೂಕು ಕೇಂದ್ರಗಳ ಹೆಸರೂ ಆಗ ಬೇರೆ ಇದ್ದವು. ಕ್ಲೋಸ್‌ಪೇಟೆ ಈಗಿನ ರಾಮನಗರ, ಫ್ರೆಂಚ್ ರಾಕ್ಸ್ ಈಗಿನ ಪಾಂಡವಪುರ, ಫ್ರೇಜರ್‌ಪೇಟೆ ಈಗಿನ ಕುಶಾಲನಗರ. ಊಸ್ಕೋಟಾ ಎಂದು ಓದಿಸಿಕೊಳ್ಳುವುದು ನಮ್ಮ ಹೊಸಕೋಟೆ. ಇಂಗ್ಲಿಷ್ ಕಾಗುಣಿತವನ್ನು ಗಟ್ಟಿಯಾಗಿ ಓದಿ, ಆ ಸೀಮೆಯವರೊಬ್ಬರ ಕಿವಿಗೆ ಹಾಕಿ. ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ.

ಜಾತಿಯ ಅಂಕಣ ಇನ್ನೊಂದು ಬಲೆ. ನಟಾಲಿನ ಪಟ್ಟಿಗಳಲ್ಲಿ ‘ಮಲಬಾರ್’ ಎಂದರೆ ಕೇರಳದವರಲ್ಲ, ಬಹುಮಟ್ಟಿಗೆ ತಮಿಳರು. ‘ಜೆಂಟೂ’ ಎಂದರೆ ತೆಲುಗರು. ಕನ್ನಡದವರು ಈ ಎರಡರಲ್ಲಿ ಯಾವುದಕ್ಕಾದರೂ ಬಿದ್ದಿರಬಹುದು. ಈಗ ಹೆಸರಿನ ಕೊನೆಗಿರುವ ನಾಯ್ಡು, ರೆಡ್ಡಿ, ಮೂಡ್ಲಿಗಳನ್ನು ಸಾಕ್ಷಿಯೆಂದು ಹಿಡಿಯಬೇಡಿ. ಎಷ್ಟೋ ಮನೆಗಳಲ್ಲಿ ಅವು ಅಲ್ಲಿಗೆ ಹೋದ ಮೇಲೆ ಅಂಟಿಕೊಂಡವು.

ಇಷ್ಟಾದರೂ ಊರು ಒಂದೇ ಉಳಿಯುವುದಿಲ್ಲ. ಒಂದೊಂದು ತಾಲ್ಲೂಕಿನಲ್ಲೂ ಹೊಸಹಳ್ಳಿಗಳಿಗೇನು ಕಡಿಮೆ? ಆಗ ನಿಮ್ಮವರ ನಂಬರಿನ ಮೇಲಿನ, ಕೆಳಗಿನ ಹತ್ತಾರು ಸಾಲು ತೆಗೆದು ನೋಡಿ. ಒಟ್ಟಿಗೆ ಹೊರಟವರಿಗೆ, ಒಂದೇ ಮನೆಯವರಿಗೆ ಒಂದರ ಹಿಂದೆ ಒಂದು ನಂಬರು ಬೀಳುತ್ತಿತ್ತು. ಪಕ್ಕದ ಸಾಲಿನವನ ಊರು ಅಪರೂಪದ ಹೆಸರಿನದಾಗಿದ್ದರೆ ನಿಮ್ಮ ಹೊಸಹಳ್ಳಿ ಅದರ ಆಸುಪಾಸಿನದು ಎಂದು ಅಲ್ಲಿಂದ ಹುಡುಕಾಟ ಶುರು ಮಾಡಬಹುದು. ನಾನು ಯಾರಿಗಾದರೂ ಒಂದೇ ಉಪಾಯ ಹೇಳಿಕೊಡಬಹುದಾದರೆ ಇದನ್ನೇ ಹೇಳುತ್ತೇನೆ.

ಮೊಬೈಲಿನ ನಕ್ಷೆಯಲ್ಲಿ ಊರು ಕಾಣದಿದ್ದರೆ ಊರೇ ಇಲ್ಲವೆಂದು ತೀರ್ಮಾನಿಸಬೇಡಿ. ಬರದಲ್ಲಿ, ಪ್ಲೇಗಿನಲ್ಲಿ ಜನ ಎದ್ದುಹೋದ ಊರುಗಳು ಕಂದಾಯ ಲೆಕ್ಕದಲ್ಲಿ ಬೇಚರಾಕ್ ಗ್ರಾಮಗಳಾಗಿ ಇಂದಿಗೂ ಇವೆ. ಸರ್ವೆ ನಂಬರು ಇದೆ, ಹೊಲ ಇದೆ, ಒಂದು ಹಾಳು ಗುಡಿಯೂ ಇರಬಹುದು. ಮನೆ ಮಾತ್ರ ಇಲ್ಲ. ತಾಲ್ಲೂಕಿನ ಕಂದಾಯ ಗ್ರಾಮಗಳ ಪಟ್ಟಿಯನ್ನೂ ಹಳೆಯ ಜನಗಣತಿಯ ಗ್ರಾಮವಾರು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಊರಿನಲ್ಲಿ ಖಾತ್ರಿ ಮಾಡಿಕೊಳ್ಳುವುದು

ಮೊದಲು ಹೆಳವರನ್ನು ಹುಡುಕಿ, ಆಮೇಲೆ ತಾಲ್ಲೂಕು ಕಚೇರಿ. ಒಕ್ಕಲಿಗ, ಲಿಂಗಾಯತ, ಕುರುಬ ಮುಂತಾದ ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಬರೆದು, ಹಾಡಿಕೊಂಡು ಬಂದವರು ಅವರು. ಸುಗ್ಗಿಯಾದ ಮೇಲೆ ಊರಿಗೆ ಬಂದಾಗ ಹಿಡಿಯಬೇಕು, ಕಾಣಿಕೆ ಕೊಡಬೇಕು, ಪೂರ್ತಿ ಓದಿಸಬೇಕು. ಮೂವರು ಅಣ್ಣತಮ್ಮಂದಿರಲ್ಲಿ ಇಬ್ಬರ ಸಂತತಿ ಮುಂದುವರಿದು ಮೂರನೆಯವನದು ಅಲ್ಲಿಗೇ ನಿಂತಿದ್ದರೆ ಆ ಹೆಸರನ್ನು ಹಡಗಿನ ಪಟ್ಟಿಯ ಹೆಸರಿನ ಜೊತೆಗೆ, ತಂದೆಯ ಹೆಸರಿನ ಜೊತೆಗೆ ತಾಳೆ ನೋಡಿ. ಹೆಂಗಸರ ವಿಷಯದಲ್ಲಿ ಈ ದಾರಿ ಹೆಚ್ಚು ದೂರ ಹೋಗುವುದಿಲ್ಲ, ಏಕೆಂದರೆ ವಂಶಾವಳಿ ಗಂಡುಮಕ್ಕಳ ಬೆನ್ನು ಹತ್ತುತ್ತದೆ. ನೂರು ಗಂಡಸರಿಗೆ ನಲವತ್ತು ಹೆಂಗಸರಿರಬೇಕೆಂಬ ನಿಯಮವಿದ್ದುದರಿಂದ ಒಂಟಿಯಾಗಿ ಹಡಗು ಹತ್ತಿದ ಹೆಣ್ಣುಮಕ್ಕಳೂ ಇದ್ದರು. ಅವರಿಗೆ ಪಟ್ಟಿಯಲ್ಲಿರುವ ತಂದೆಯ ಹೆಸರು, ಅಕ್ಕಪಕ್ಕದ ಸಾಲುಗಳೇ ಆಧಾರ.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಖಾತೆ ಬದಲಾವಣೆಗೆ ಆಗುತ್ತದೆ, 1880ರ ಸಂಗತಿಗೆ ಅದು ಸಾಕ್ಷಿಯಲ್ಲ. ಕಂಪ್ಯೂಟರ್ ಪಹಣಿಯೂ ಇತ್ತೀಚಿನದು. ಬೇಕಾದದ್ದು ಅಭಿಲೇಖಾಲಯದಲ್ಲಿ (ಹಳೆಯ ದಾಖಲೆಗಳ ಕೋಣೆಯಲ್ಲಿ) ಇರುವ ಕೈಬರಹದ ಹಳೆಯ ರಿಜಿಸ್ಟರುಗಳು. ಅವೂ ಜಮೀನು ಇದ್ದವರಿಗೆ ಮಾತ್ರ. ಹಡಗು ಹತ್ತಿದವರಲ್ಲಿ ಎಷ್ಟೋ ಜನರಿಗೆ ಗೇಣು ನೆಲವೂ ಇರಲಿಲ್ಲ.

ಭೇಟಿ

ಡರ್ಬನ್ನಿನ ನೆಂಟರನ್ನು ಕರೆದುಕೊಂಡು ಹೋಗುವ ಮುಂಚೆ ನೀವೊಬ್ಬರೇ ಹೋಗಿ ಬನ್ನಿ. ಪರದೇಶದಿಂದ ವಾರಸುದಾರರು ಬಂದರಂತೆ ಎಂಬ ಸುದ್ದಿ ಹಬ್ಬಿದರೆ, ಪಾಲು ಕೇಳಲು ಬಂದಿದ್ದಾರೆಂದೇ ಊರು ತಿಳಿಯುತ್ತದೆ. ಆಮೇಲೆ ಗೊತ್ತಿದ್ದವರೂ ಗೊತ್ತಿಲ್ಲ ಎನ್ನುತ್ತಾರೆ. ದೇವಸ್ಥಾನದ ಕಟ್ಟೆಯ ಮೇಲೆ ಹಿರಿಯರ ಜೊತೆ ಕುಳಿತು ಮೂಲ ಪುಟದ ಪ್ರತಿಯನ್ನು ಅವರ ಕೈಗೇ ಕೊಡಿ, ಒಂದು ಪ್ರತಿಯನ್ನು ಅಲ್ಲೇ ಬಿಟ್ಟು ಬನ್ನಿ. ಮನೆದೇವರು ಯಾವುದು, ಯಾವ ಊರಿನಿಂದ ಹೆಣ್ಣು ತರುತ್ತಿದ್ದಿರಿ ಎಂದು ಕೇಳಿ. ಸರ್ವೆ ನಂಬರಿನ ಮಾತನ್ನು ಎತ್ತಲೇಬೇಡಿ.