ಒಳಗೆ ಹೋದ ಕಣ್ಣು

ನಾನು ಚಿಕ್ಕಮಗಳೂರಿನಲ್ಲಿ ಕಣ್ಣಿನ ಡಾಕ್ಟರ್. ಮೂಡಿಗೆರೆ ಕಡೆಯಿಂದ ಒಬ್ಬ ಅಮ್ಮ ಬಂದಿದ್ದರು, ಅರವತ್ತರ ಹತ್ತಿರ ವಯಸ್ಸು. ಕಾಫಿ ಬೀಜ ಆರಿಸುವಾಗ ಒಂದು ಎರಡಾಗಿ ಕಾಣುತ್ತದೆ ಎಂದರು. ಒಂದು ಕಣ್ಣು ಮುಚ್ಚಿದರೆ ಸರಿಹೋಗುತ್ತಿತ್ತು. ಎಡಗಣ್ಣು ಕಿವಿಯ ಕಡೆಗೆ ತಿರುಗುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದು. ಸಕ್ಕರೆಯಿಂದ ಆರನೇ ನರ, ಅಂದರೆ ಕಣ್ಣನ್ನು ಕಿವಿಯ ಕಡೆಗೆ ತಿರುಗಿಸುವ ನರ, ಸೋತಿದೆ ಎಂದುಕೊಂಡೆ. ಅದು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತಾನೇ ಸರಿಯಾಗುತ್ತದೆ. ಹಾಗೇ ಹೇಳಿ ಕಳಿಸಿದೆ.

ಆರು ವಾರಕ್ಕೆ ಮಗ ಮತ್ತೆ ಕರೆತಂದ. "ಅಮ್ಮನ ಬಲಗಣ್ಣು ದಪ್ಪ ಆಗ್ತಿದೆ ಡಾಕ್ಟ್ರೇ."

ಅಳೆದು ನೋಡಿದೆ. ಬಲಗಣ್ಣು ಇದ್ದ ಹಾಗೇ ಇತ್ತು. ಎಡಗಣ್ಣೇ 3 ಮಿಲಿಮೀಟರ್ ಒಳಗೆ ಹೋಗಿತ್ತು! ಬರೀ ಆರನೇ ನರ ಸೋತರೆ ಕಣ್ಣು ಒಳಗೆ ಹೋಗುವುದಿಲ್ಲ.

ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಸಣ್ಣ ಚಿಮಟದಿಂದ ಕರಿಗುಡ್ಡೆಯ ಅಂಚಿನ ಪಕ್ಕ ಹಿಡಿದು ಕಿವಿಯ ಕಡೆಗೆ ಸರಿಸಿದೆ. ನರದ ತೊಂದರೆಯಾಗಿದ್ದರೆ ಗುಡ್ಡೆ ಸಲೀಸಾಗಿ ಬರಬೇಕಿತ್ತು. ಬರಲಿಲ್ಲ. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅರ್ಧಕ್ಕೇ ನಿಂತಿತು. ಮೂಗಿನ ಕಡೆಯ ಸ್ನಾಯು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಥೈರಾಯ್ಡ್ ಕಾಯಿಲೆಯಲ್ಲೂ ಸ್ನಾಯು ಬಿಗಿಯುತ್ತದೆ ನಿಜ, ಆದರೆ ಅಲ್ಲಿ ಕಣ್ಣು ಮುಂದೆ ಬರುವುದೇ ಜಾಸ್ತಿ.

ಆಗ ಕೇಳಿದೆ, "ಅಮ್ಮಾ, ಹಿಂದೆ ಏನಾದ್ರೂ ಆಪರೇಷನ್ ಆಗಿತ್ತಾ?"

"ಎದೆ ಗಂಟು ತೆಗೆದಿದ್ರು, ಒಂಬತ್ತು ವರ್ಷ ಆಯ್ತು. ಅದು ವಾಸಿಯಾಗಿದೆ ಅಲ್ವಾ? ಕಣ್ಣಿಗೂ ಅದಕ್ಕೂ ಏನು?"

ನನ್ನ ಚೀಟಿಯಲ್ಲಿ ಸಕ್ಕರೆಗೆ, ಬಿಪಿಗೆ ಜಾಗ ಇತ್ತು. ಆಪರೇಷನ್ ಅಂದರೆ ಕಣ್ಣಿನದು ಮಾತ್ರ. ಅವರು ಮುಚ್ಚಿಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಬೇರೆ ಕಡೆಯಿಂದ ಕಣ್ಣಿನ ಗೂಡಿಗೆ ಹರಡುವ ಕ್ಯಾನ್ಸರ್‌ಗಳಲ್ಲಿ ಸ್ತನದ್ದೇ ಮೊದಲು. ರಕ್ತದ ಮೂಲಕ ಬರುತ್ತದೆ, ಹತ್ತು ವರ್ಷ ಸುಮ್ನೆ ಇದ್ದೂ ಬರಬಹುದು. ಕೆಲವು ಸಲ ಗಂಟು ಕಟ್ಟದೆ ನಾರಾಗಿ ಬಿಗಿದು, ಗುಡ್ಡೆಯನ್ನೇ ಹಿಂದಕ್ಕೆ ಎಳೆಯುತ್ತದೆ.

ಹಾಸನದಲ್ಲಿ ಎಂಆರ್‌ಐ ಮಾಡಿಸಿದೆವು. ಸ್ನಾಯು ಊದಿತ್ತು. ಬೆಂಗಳೂರಿನ ಬಯಾಪ್ಸಿಯಲ್ಲಿ ಹಳೆಯ ಕ್ಯಾನ್ಸರೇ ಎಂದು ಬಂತು, ಹಾರ್ಮೋನ್ ಮಾತ್ರೆಗೆ ಬಗ್ಗುವ ಬಗೆ. ಇಡೀ ಮೈ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯಲ್ಲೂ ಕಂಡಿತು. ಕಣ್ಣಿಗೆ 10 ಸಲ ರೇಡಿಯೇಷನ್, ದಿನಕ್ಕೊಂದು ಲೆಟ್ರೊಜೋಲ್ ಎಂಬ ಹಾರ್ಮೋನ್ ಮಾತ್ರೆ. ಬೇರು ಸಮೇತ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದು ಮಗನಿಗೂ ಅಮ್ಮನಿಗೂ ಒಟ್ಟಿಗೇ ಕೂರಿಸಿ ಹೇಳಿದೆ.

ಎರಡಾಗಿ ಕಾಣುವುದು ಪೂರ್ತಿ ಹೋಗಲಿಲ್ಲ. ಕನ್ನಡಕಕ್ಕೆ ಪ್ರಿಸಮ್, ಅಂದರೆ ಬೆಳಕನ್ನು ಬಾಗಿಸಿ ಎರಡು ಚಿತ್ರ ಸೇರಿಸುವ ಹಾಳೆ, ಅಂಟಿಸಿಕೊಟ್ಟೆ. ನೇರ ನೋಡಿದರೆ ಈಗ ಒಂದೇ ಬೀಜ, ಎಡಕ್ಕೆ ನೋಡಿದರೆ ಇನ್ನೂ ಎರಡು.