ಕ್ಲಚ್ ಕವರ್ ಸೋರುತ್ತಿದೆಯೇ? ಗಮ್ ಆಮೇಲೆ, ಮೊದಲು ಮುಖ ನೋಡಿ

ಹಳೆಯ 100 ಸಿಸಿ ಬೈಕುಗಳ ಬಲಗಡೆ, ಕ್ಲಚ್ ಕವರಿನ ಅಂಚಿನಲ್ಲಿ ಆಯಿಲ್ ಜಿನುಗಿ ಧೂಳು ಮೆತ್ತಿಕೊಂಡಿರುವುದು ಮಾಮೂಲಿ. ಹೊಸ ಪ್ಯಾಕಿಂಗ್ (ಕವರಿಗೂ ಎಂಜಿನ್ನಿಗೂ ನಡುವೆ ಕೂರುವ ತೆಳು ಹಾಳೆ) ಹಾಕಿ, ಸುತ್ತ ಸಿಲಿಕಾನ್ ಗಮ್ ಬಳಿದರೂ ಮತ್ತೆ ಸೋರುತ್ತದೆ. ಏಕೆಂದರೆ ಪ್ಯಾಕಿಂಗ್ ಕೂರುವ ಅಲ್ಯೂಮಿನಿಯಂ ಮುಖವೇ ಹಾಳಾಗಿರುತ್ತದೆ. ಹಿಂದೆ ಯಾರೋ ಕವರ್ ಬಿಡಿಸಲು ಸ್ಕ್ರೂ ಡ್ರೈವರ್ ತುರುಕಿ ಮೀಟಿರುತ್ತಾರೆ, ಅಲ್ವಾ?

ಬಿಚ್ಚುವ ಮೊದಲು ಸೋರುವ ಜಾಗ ಖಚಿತ ಮಾಡಿಕೊಳ್ಳಿ. ಎಂಜಿನ್ ತೊಳೆದು ಒಣಗಿಸಿ, ಟಾಲ್ಕಮ್ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ. ಕಿಕ್ಕರ್ ಶಾಫ್ಟಿನ ಸುತ್ತ ಒದ್ದೆಯಾದರೆ ಆಯಿಲ್ ಸೀಲ್ ಬದಲಿಸಿದರೆ ಸಾಕು. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪನ್ನೂ ನೋಡಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಆಯಿಲನ್ನು ಹೊರಗೆ ತಳ್ಳುತ್ತದೆ. ಆಗ ಎಷ್ಟು ಗಮ್ ಬಳಿದರೂ ವ್ಯರ್ಥ.

ಆಯಿಲ್ ಇಳಿಸಿ, ಕಿಕ್ಕರ್ ಮತ್ತು ಅಡ್ಡ ಬರುವ ಭಾಗಗಳನ್ನು ತೆಗೆಯಿರಿ. ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಆಯಾ ಜಾಗಕ್ಕೆ ಚುಚ್ಚಿಡಿ. ಕವರ್ ಬರದಿದ್ದರೆ ರಬ್ಬರ್ ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಸಣ್ಣ ಡೋವೆಲ್ ಪಿನ್ನುಗಳು ಜೋಪಾನ.

ಇನ್ನು ಅಸಲಿ ಕೆಲಸ. ಹಳೆಯ ಪ್ಯಾಕಿಂಗನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆಯಿರಿ. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ (ಉಜ್ಜುಕಾಗದ) ಹಾಸಿ, ಕವರನ್ನು ಮುಖ ಕೆಳಗಾಗಿಟ್ಟು ಇಂಗ್ಲಿಷಿನ 8ರ ಆಕಾರದಲ್ಲಿ ಉಜ್ಜಿ. ಎತ್ತರದ ಜಾಗ ಮೊದಲು ಹೊಳೆಯುತ್ತದೆ, ತಗ್ಗು ಮಂಕಾಗಿಯೇ ಉಳಿಯುತ್ತದೆ. ಮುಖವೆಲ್ಲ ಒಂದೇ ಬಣ್ಣಕ್ಕೆ ಬಂದರೆ ನಿಲ್ಲಿಸಿ. ಮುಖದ ಉದ್ದಕ್ಕೆ ಹೋದ ಗೀರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಳಗಿನಿಂದ ಹೊರಗಿನ ಅಂಚಿಗೆ ಅಡ್ಡ ಹೋದ ಗೀರೇ ಆಯಿಲಿಗೆ ಕಾಲುವೆ. ಅದು ಆಳವಿದ್ದರೆ ಮೆಟಲ್ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಉಜ್ಜಿ.

ಎಂಜಿನ್ ಕಡೆಯ ಮುಖಕ್ಕೆ ವಾಟರ್ ಪೇಪರ್ ಮುಟ್ಟಿಸಬೇಡಿ. ಆ ಪುಡಿ ಆಯಿಲಿನ ಜೊತೆ ಹೋಗಿ ಬೇರಿಂಗುಗಳನ್ನು ತಿನ್ನುತ್ತದೆ. ಅಲ್ಲಿ ಕೆರೆದು ಒರೆಸಿದರೆ ಸಾಕು. ಉಜ್ಜಿದ ಕವರನ್ನು ಪೆಟ್ರೋಲಿನಲ್ಲಿ ಚೆನ್ನಾಗಿ ತೊಳೆಯಿರಿ. ಕೊನೆಗೆ ಎರಡೂ ಮುಖಗಳನ್ನು ಥಿನ್ನರ್ ಬಟ್ಟೆಯಿಂದ ಒರೆಸಿ. ಜಿಡ್ಡಿದ್ದರೆ ಗಮ್ ಹಿಡಿಯುವುದಿಲ್ಲ.

ಮುಖ ನೆಟ್ಟಗಾಗಿದ್ದರೆ ಹೊಸ ಪ್ಯಾಕಿಂಗನ್ನು ಗಮ್ ಬಳಿಯದೆ ಹಾಗೆಯೇ ಕೂರಿಸಿ. ಇನ್ನೂ ಅನುಮಾನವೇ? ಎಂಜಿನ್‌ಗೆಂದೇ ಬರುವ ಆರ್‌ಟಿವಿ ಸಿಲಿಕಾನನ್ನು (ಮಾಮೂಲಿ ತಾಪದಲ್ಲೇ ಗಟ್ಟಿಯಾಗುವ ಗಮ್) ಪ್ಯಾಕಿಂಗಿನ ಎರಡೂ ಬದಿಗೆ ಬೆರಳಿನಿಂದ ತೆಳ್ಳಗೆ ಸವರಿ. ಬಾತ್‌ರೂಮಿಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕಾನ್ ಬೇಡ. ಅದು ಅಲ್ಯೂಮಿನಿಯಮನ್ನು ತಿನ್ನುತ್ತದೆ. ಧಾರಾಳವಾಗಿ ಬಳಿಯುವವರೇ ನಮ್ಮಲ್ಲಿ ಹೆಚ್ಚು. ಒಳಗೆ ಉಕ್ಕಿದ ಗಮ್ ಕಿತ್ತು ಬಂದು ಆಯಿಲ್ ಜಾಲರಿಗೆ ಸಿಕ್ಕಿಕೊಂಡರೆ ಸೋರಿಕೆಗಿಂತ ದೊಡ್ಡ ಖರ್ಚು.

ಗಮ್ ಮೇಲ್ಪದರ ಒಣಗುವ ಮೊದಲೇ ಕವರ್ ಕೂರಿಸಿ. ಕಿಕ್ಕರ್ ಶಾಫ್ಟಿನ ಹಲ್ಲುಗಳಿಗೆ ಟೇಪ್ ಸುತ್ತಿದರೆ ಸೀಲಿನ ತುಟಿ ಹರಿಯುವುದಿಲ್ಲ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲಿ ಹಾಕಿ, ಆಮೇಲೆ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಮಾಡಿ. 6 ಎಂಎಂ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಸುಮ್ನೆ ಬಲ ಹಾಕಿದರೆ ಥ್ರೆಡ್ ಕಿತ್ತು ಬರುತ್ತದೆ.

ಗಮ್ ಹಾಕಿದ್ದರೆ ಒಂದು ಇಡೀ ದಿನ ಬಿಟ್ಟು ಆಯಿಲ್ ತುಂಬಿ. ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ. ಆಗಲೂ ಜಿನುಗಿದರೆ ಎಂಜಿನ್ ಕಡೆಯ ಮುಖವೇ ಸೊಟ್ಟಗಿರಬಹುದು. ಅದು ಎಂಜಿನ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯುವ ಕೆಲಸ.