ಅಮೆರಿಕದಲ್ಲಿ ಓದುವವರ ಸೆವಿಸ್ ದಾಖಲೆ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯಿಂದ ಅಮೆರಿಕಕ್ಕೆ ಓದಲು ಹೊರಟವರ ಮನೆಗಳಲ್ಲಿ ವೀಸಾ ಸಂದರ್ಶನ ಮುಗಿದರೆ ಎಲ್ಲ ಮುಗಿದಂತೆ ಅನಿಸುತ್ತದೆ. ಆದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾ ಆ ದೇಶದ ಬಾಗಿಲಿಗೆ ಹೋಗಲು ಮಾತ್ರ. ಒಳಹೊಕ್ಕ ಮೇಲೆ ನಿಮ್ಮ ಇರವನ್ನು ಕಾಯುವುದು ಸೆವಿಸ್ ಎಂಬ ಸರಕಾರಿ ದಾಖಲೆ. 2003ರಿಂದ ಬಳಕೆಯಲ್ಲಿರುವ ಇದರಲ್ಲಿ ನಿಮ್ಮ ಮಾಹಿತಿ ತುಂಬುವವರು ಕಾಲೇಜಿನ ಡಿಎಸ್ಒಗಳು, ಅಂದರೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳಲು ನೇಮಕವಾದ ಅಧಿಕಾರಿಗಳು. ಯಾವ ಏಜೆಂಟರಿಗೂ ಅದನ್ನು ತೆರೆಯುವ ಅಧಿಕಾರವಿಲ್ಲ. ಹಾಗಾಗಿ ಏನೇ ಬದಲಾವಣೆ ಇರಲಿ, ಮೊದಲು ಡಿಎಸ್ಒಗೆ ಹೇಳಿ, ಅವರು ದಾಖಲಿಸಿದ ಮೇಲೆ ಮಾಡಿ. ದಾಖಲೆ ಕೆಡುವುದು ಹೆಚ್ಚಾಗಿ ಈ ಕ್ರಮ ತಿರುಗಾಮುರುಗಾ ಆದಾಗಲೇ.

ವೀಸಾಕ್ಕಾಗಿ ಕಾಲೇಜು ಕೊಡುವ ಅರ್ಹತಾ ಪತ್ರವಾದ ಐ-20 ಕೈಸೇರಿದ ದಿನವೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನೊಡನೆ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿರುತ್ತಾರೆ. ಕಾಲೇಜಿನ ಅರ್ಜಿಯನ್ನು ಅಂಕಪಟ್ಟಿ ನೋಡಿ ತುಂಬಿದರೆ ಐ-20ಯೂ ತಪ್ಪಾಗಿಯೇ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಡಿಎಸ್-160 ಎಂಬ ವೀಸಾ ಅರ್ಜಿಯಲ್ಲಿ ಇಡೀ ಹೆಸರನ್ನು ಸರ್‌ನೇಮ್ ಅಂಕಣಕ್ಕೆ ಹಾಕಿ, ಗಿವನ್ ನೇಮ್ ಅಂಕಣದಲ್ಲಿ ಎಫ್ಎನ್‌ಯು (FNU, ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷಿಪ್ತ) ಎಂದು ಬರೆಯಬೇಕು. ಐ-20ಯಲ್ಲಿ ತಪ್ಪು ಕಂಡರೆ ಸೆವಿಸ್ ಶುಲ್ಕ ಕಟ್ಟುವ ಮೊದಲೇ ಡಿಎಸ್ಒಗೆ ಮಿಂಚಂಚೆ ಕಳಿಸಿ ತಿದ್ದಿಸಿಕೊಳ್ಳಿ.

ಆಮೇಲೆ ಐ-901 ಎಂಬ ಸೆವಿಸ್ ಶುಲ್ಕ, 350 ಡಾಲರ್. ಐ-20ಯ ಮೇಲಿರುವ, ಎನ್ ಅಕ್ಷರದಿಂದ ಶುರುವಾಗುವ ಸೆವಿಸ್ ಸಂಖ್ಯೆಯನ್ನು ನೋಡಿಕೊಂಡೇ ತುಂಬಿ. ಪಾವತಿ ಆಗದಿದ್ದರೆ ಬ್ಯಾಂಕಿನ ಆಪ್‌ನಲ್ಲಿ ಕಾರ್ಡಿನ ಅಂತಾರಾಷ್ಟ್ರೀಯ ಬಳಕೆ ತೆರೆದಿದೆಯೇ ನೋಡಿ. ನಮ್ಮ ಕಾರ್ಡುಗಳಲ್ಲಿ ಅದು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ರಸೀದಿಯ ಪ್ರಿಂಟ್ ಸಂದರ್ಶನಕ್ಕೂ ವಿಮಾನ ನಿಲ್ದಾಣಕ್ಕೂ ಬೇಕು.

ಐ-20ಯಲ್ಲಿರುವ ಆರಂಭದ ದಿನಕ್ಕಿಂತ 30 ದಿನ ಮೊದಲಷ್ಟೇ ಅಮೆರಿಕ ಪ್ರವೇಶಿಸಬಹುದು. ಇಳಿದವರು ಮಾಡಬೇಕಾದ ಮೊದಲ ಕೆಲಸ ಕಾಲೇಜಿಗೆ ವರದಿ ಮಾಡುವುದು. ಆರಂಭದ ದಿನದಿಂದ 30 ದಿನದೊಳಗೆ ಡಿಎಸ್ಒ ನಿಮ್ಮನ್ನು ಸೆವಿಸ್‌ನಲ್ಲಿ ನೋಂದಾಯಿಸಬೇಕು. ಫೀಸು ಬಾಕಿ, ಲಸಿಕೆಯ ಕಾಗದ ಇಲ್ಲ ಎಂದು ಕೋರ್ಸ್ ನೋಂದಣಿ ತಡೆಹಿಡಿದಿದ್ದರೆ ಇದೂ ನಿಂತುಬಿಡುತ್ತದೆ. ತರಗತಿಗೆ ದಿನಾ ಹೋಗುತ್ತಿದ್ದೇನೆಂಬ ಸಮಾಧಾನ ಇಲ್ಲಿ ಸಾಲದು.

ಪದವಿ ವಿದ್ಯಾರ್ಥಿಗೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಬೇಕು. ಸ್ನಾತಕೋತ್ತರದಲ್ಲಿ ಕಾಲೇಜು ಹೇಳಿದಷ್ಟು. ಆನ್‌ಲೈನ್ ತರಗತಿಯಾದರೆ ಒಂದೇ, ಅದೂ 3 ಕ್ರೆಡಿಟ್‌ವರೆಗೆ ಮಾತ್ರ ಈ ಲೆಕ್ಕಕ್ಕೆ ಸೇರುತ್ತದೆ. ಕಷ್ಟವಾದ ವಿಷಯವನ್ನು ರಾತ್ರಿ ಪೋರ್ಟಲ್‌ನಲ್ಲಿ ಸದ್ದಿಲ್ಲದೆ ಬಿಟ್ಟು 9 ಕ್ರೆಡಿಟ್‌ಗೆ ಇಳಿದವರ ದಾಖಲೆ ರದ್ದಾಗುವ ಅಪಾಯ ದೊಡ್ಡದು. ವೈದ್ಯರ ಪತ್ರವಿದ್ದು ಡಿಎಸ್ಒ ಮೊದಲೇ ಒಪ್ಪಿದರೆ ಅನಾರೋಗ್ಯಕ್ಕಾಗಿ ಒಟ್ಟು 12 ತಿಂಗಳವರೆಗೆ ಕಡಿಮೆ ಕ್ರೆಡಿಟ್ ಓದಬಹುದು. ಒಪ್ಪಿಗೆ ಇಲ್ಲದೆ ಬಿಟ್ಟ ಮೇಲೆ ತಂದ ಪತ್ರಕ್ಕೆ ಆ ಬಲವಿಲ್ಲ.

ಕೋಣೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಿ. ಅಂಚೆ ಪೆಟ್ಟಿಗೆ ಸಂಖ್ಯೆ ನಡೆಯದು, ವಾಸದ ಮನೆಯ ವಿಳಾಸವೇ ಬೇಕು. ಇಂಥ ಬದಲಾವಣೆಯನ್ನು ಸೆವಿಸ್‌ಗೆ ಏರಿಸಲು ಕಾಲೇಜಿಗೆ 21 ದಿನ ಇರುತ್ತದೆ. ತರಗತಿ ನಡೆಯುವಾಗ ಕ್ಯಾಂಪಸ್ಸಿನ ಕೆಲಸ ವಾರಕ್ಕೆ 20 ಗಂಟೆ ಮೀರಬಾರದು; ಹೊರಗಿನ ಕೆಲಸ ಅನುಮತಿಯಿಲ್ಲದೆ ಒಂದು ದಿನವೂ ಬೇಡ.

ಮನೆಯವರು ವಿಶೇಷವಾಗಿ ಗಮನಿಸಬೇಕಾದ್ದು ಊರಿಗೆ ಕರೆಸುವ ವಿಚಾರ. ರಜೆಯಲ್ಲಿ ಬರುವುದಾದರೆ ಐ-20ಯ ಎರಡನೇ ಪುಟದಲ್ಲಿ ಡಿಎಸ್ಒ ಸಹಿ ಹೊಸದಾಗಿರಲಿ. ಓದುವವರಿಗೆ ಅದು ಒಂದು ವರ್ಷ ನಡೆಯುತ್ತದೆ. ಮನೆಯಲ್ಲಿ ಕಾಯಿಲೆಯೆಂದು ಸೆಮಿಸ್ಟರ್ ನಡುವೆ ಬಿಟ್ಟು ಬರಬೇಕಾದರೆ ಟಿಕೆಟ್ ತೆಗೆಯುವ ಮೊದಲೇ ಡಿಎಸ್ಒಯಿಂದ ಅನುಮತಿ ಪಡೆದ ನಿರ್ಗಮನವೆಂದು ದಾಖಲಿಸಿಕೊಳ್ಳಿ. ಆಗ ಹೊರಡಲು 15 ದಿನ ಸಿಗುತ್ತದೆ. ಐದು ತಿಂಗಳೊಳಗೆ ಮರಳುವುದಾದರೆ ಹಳೆಯ ದಾಖಲೆಯನ್ನೇ ಎಬ್ಬಿಸಲು ಅವರು ಕೋರಬಹುದು. ಅದು ದಾಟಿದರೆ ಹೊಸ ಐ-20, ಮತ್ತೆ 350 ಡಾಲರ್.

ಕಾಲೇಜು ಬದಲಿಸುವಾಗ ಸೆವಿಸ್ ದಾಖಲೆ ಹೊಸ ಕಾಲೇಜಿಗೆ ದಾಟುವ ಬಿಡುಗಡೆಯ ದಿನವನ್ನು ಹಳೆಯ ಡಿಎಸ್ಒ ಜೊತೆ ಮಾತಾಡಿ ನಿಶ್ಚಯಿಸಿ. ಆ ದಿನ ಕಳೆದರೆ ಹಿಡಿತ ಹೊಸ ಕಾಲೇಜಿನದು. ಹಳೆಯ ಐ-20ಗಳನ್ನು ಎಸೆಯಬೇಡಿ, ಮುಂದೆ ಕೆಲಸದ ವೀಸಾಕ್ಕೆ ಅರ್ಜಿ ಹಾಕುವಾಗ ಎಲ್ಲವನ್ನೂ ಕೇಳುವುದುಂಟು.